ಕಂಡವಳನ್ನು ಕೇಳಿದಿರಾ?

ಮೊನ್ನೆ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಮತ್ತೆ ಆ ಮಾತು ಬಂತು. ಎಲ್ಲೋ ಆಕಾಶದಲ್ಲಿ ವಿಚಿತ್ರ ಬೆಳಕು ಕಾಣಿಸಿತೆಂದು ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು ಬಂದಿತ್ತು. ಅದನ್ನು ಓದಿದ ಸಹೋದ್ಯೋಗಿಯೊಬ್ಬರು, "ನಮ್ಮ ಮಿಡಿಗೇಶಿ ಕಡೆಯ ಹಾರುವ ತಟ್ಟೆ ದಂಪತಿಗಳನ್ನ ಕರೆಸಿ ಸನ್ಮಾನ ಮಾಡ್ಬೇಕು ಕಣ್ರೀ" ಎಂದರು. ಎಲ್ಲರೂ ನಕ್ಕರು. ಮೂರು ವರ್ಷದ ಹಿಂದೆ ಇದೇ ಮಾತಿಗೆ, ಇದೇ ಕೋಣೆಯಲ್ಲಿ, ಇವರೆಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಈ ಸಲ ನಗು ಬರಲಿಲ್ಲ. ಮನೆಗೆ ಬಂದು ಇದನ್ನು ಬರೆಯಲು ಕೂತೆ. ನನ್ನ ತಪ್ಪನ್ನು ಒಪ್ಪಿಕೊಂಡೇ ಬರೆಯುತ್ತಿದ್ದೇನೆ. ಆದ್ದರಿಂದ ಉಳಿದವರ ತಪ್ಪನ್ನೂ ಬಿಡುವುದಿಲ್ಲ.

ನಡೆದದ್ದು ಇಷ್ಟು. ಮಿಡಿಗೇಶಿ ಹೋಬಳಿಯ ಒಂದು ಹಳ್ಳಿ. ರಾಗಿ ಕೊಯ್ದು ಮೆದೆ ಹಾಕಿದ್ದ ದಿನಗಳು. ಸಂಜೆ ಗಂಡ ಹೆಂಡತಿ ಇಬ್ಬರೂ ಹೊಲದಲ್ಲಿದ್ದರು. ಕತ್ತಲಾಗಿ ಸ್ವಲ್ಪ ಹೊತ್ತಾಗಿತ್ತು. ಇದ್ದಕ್ಕಿದ್ದಂತೆ ಆಕಾಶದಲ್ಲಿ ಒಂದರ ಹಿಂದೊಂದು ದೀಪಗಳ ಸಾಲು ಕಾಣಿಸಿತು. ಸದ್ದಿಲ್ಲ, ಹೊಗೆಯಿಲ್ಲ. ಎಳೆದ ದಾರಕ್ಕೆ ಮಣಿ ಪೋಣಿಸಿದ ಹಾಗೆ ನೆಟ್ಟಗೆ ಸಾಗಿ, ಸ್ವಲ್ಪ ಹೊತ್ತಿಗೆ ಇಲ್ಲವಾಯಿತು. ಇಬ್ಬರೂ ಹೆದರಿದರು. ಯಾರಾದರೂ ಹೆದರುವಂಥದ್ದೇ.

ಮಾರನೆಯ ದಿನ ಗಂಡ ಅರಳಿಕಟ್ಟೆಯಲ್ಲಿ ಇದನ್ನು ಹೇಳಿದ. ಅವನು ಕೆಟ್ಟವನಲ್ಲ, ಸುಳ್ಳುಗಾರನೂ ಅಲ್ಲ. ಆದರೆ ಕೇಳುವವರು ಹೆಚ್ಚಿದಂತೆ ಕಥೆ ಬೆಳೆಯಿತು. ಮೊದಲ ದಿನ ದೀಪದ ಸಾಲು. ಮೂರನೆಯ ದಿನಕ್ಕೆ ಅದು ರಥ. ವಾರದ ಹೊತ್ತಿಗೆ ಅದು ಗುಡ್ಡದ ಹಿಂದೆ ಇಳಿದಿತ್ತು! ಈಶಾನ್ಯಕ್ಕೆ ಹೋಯಿತಂತೆ ಎಂದ ಕೂಡಲೇ ದೊಡ್ಡವರು "ಅದು ದೇವಮೂಲೆ" ಎಂದು ಕೈ ಮುಗಿದರು. ಓದಿದ ಹುಡುಗರು "ಅನ್ಯಗ್ರಹದವರು" ಎಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಯಿತು. ಒಂದು ಟಿ.ವಿ.ಯವರೂ ಬಂದರು. ಗಂಡನನ್ನು ಹೊಲದಲ್ಲಿ ನಿಲ್ಲಿಸಿ ಕೈ ಎತ್ತಿ ತೋರಿಸು ಎಂದರು. ಅವನು ತೋರಿಸಿದ. ಹೆಂಡತಿ ಮನೆಯಲ್ಲಿ ಅವರಿಗೆಲ್ಲ ಕಾಫಿ ಮಾಡುತ್ತಿದ್ದಳು. ನೋಡಿದವರು ಇಬ್ಬರು, ಕೇಳಿದ್ದು ಒಬ್ಬನನ್ನು.

ಇಷ್ಟಕ್ಕೇ ಮುಗಿದಿದ್ದರೆ ನಾನೂ ನಕ್ಕು ಮರೆಯುತ್ತಿದ್ದೆ. ಅದೇ ತಿಂಗಳಲ್ಲಿ ಅವರ ಹಸು ಕಂದು ಹಾಕಿತು. ಅತ್ತೆಗೆ ಜ್ವರ ಬಂದು ಹದಿನೈದು ದಿನ ಬಿಡಲಿಲ್ಲ. ಈಗ ಕಾರಣ ಬೇಕಲ್ಲ? ರಥ ಕಂಡ ಗಂಡಸಿಗೆ ದೇವರು ದರ್ಶನ ಕೊಟ್ಟಿದ್ದ. ಅದೇ ರಥ ಕಂಡ ಹೆಂಗಸಿಗೆ ಗಾಳಿ ಸೋಕಿತ್ತು! ಮುಸ್ಸಂಜೆಯಲ್ಲಿ ತಲೆ ಬಿಟ್ಟುಕೊಂಡು ಹೊಲದಲ್ಲಿ ನಿಂತಿದ್ದಳಂತೆ. ದೂರದ ಒಂದು ಜಾಗಕ್ಕೆ ಕರೆದುಕೊಂಡು ಹೋದರು. ಮೂರು ಅಮಾವಾಸ್ಯೆ ಹೋಗಬೇಕಾಯಿತು. ಬೇವಿನ ಬರಲಿನ ಏಟು, ಕಣ್ಣಿಗೆ ನಿಂಬೆ ರಸ. ಖರ್ಚಿಗೆ ಅವಳ ತವರಿನ ಓಲೆ ಗಿರವಿ ಅಂಗಡಿ ಸೇರಿತು. ಒಂದೇ ಆಕಾಶ, ಒಂದೇ ಹೊಲ, ಒಂದೇ ಹೊತ್ತು. ಒಬ್ಬರಿಗೆ ದರ್ಶನ, ಇನ್ನೊಬ್ಬರಿಗೆ ದೆವ್ವ. ಈ ಲೆಕ್ಕ ಯಾವ ಪಂಚಾಂಗದಲ್ಲಿದೆ, ನೀವೇ ಹೇಳಿ.

ಇದು ನನಗೆ ಗೊತ್ತಾದದ್ದು ಅವಳು ತನ್ನ ಮಗಳ ಸ್ಕಾಲರ್‌ಶಿಪ್ ಫಾರಂ ತುಂಬಿಸಿಕೊಳ್ಳಲು ನಮ್ಮ ಮನೆಗೆ ಬಂದಾಗ. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಳು, ಮುಂದೆ ಓದಿಸಲಿಲ್ಲ. ಎಡಗಣ್ಣು ಕೆಂಪಗಿತ್ತು. ಕೇಳಿದ್ದಕ್ಕೆ ಎಲ್ಲ ಹೇಳಿದಳು. ಕೊನೆಗೆ, "ನೀವೂ ನಕ್ಕರಂತೆ ಮಿಸ್, ನಮ್ಮೂರ ಮಕ್ಕಳು ಬಂದು ಹೇಳಿದ್ರು" ಎಂದಳು. ದೂರುವ ದನಿಯಲ್ಲ, ಸುಮ್ಮನೆ ಹೇಳಿದಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನಾನು ಓದಿದ್ದು ಬಿ.ಎ., ಬಿ.ಇಡಿ. ವಿಜ್ಞಾನ ನನ್ನ ವಿಷಯವಲ್ಲ, ನಾನು ಸಮಾಜ ಪಾಠ ಮಾಡುವವಳು. ಆದರೂ ಅವತ್ತು ಮೊದಲ ಸಲ, ಯಾರೂ ಕೇಳದಿದ್ದುದನ್ನು ಕೇಳಿದೆ. "ನೀನು ಏನು ನೋಡಿದೆ? ಬೇರೆಯವರು ಹೇಳಿದ್ದು ಬೇಡ. ನಿನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಹೇಳು."

ಅವಳು ಹೇಳಿದ್ದನ್ನು ಒಂದು ನೋಟ್ ಬುಕ್ಕಿನಲ್ಲಿ ಬರೆದುಕೊಂಡೆ. ದಿನ ಯಾವುದು? "ಸೋಮವಾರ ಮಿಸ್. ಅವತ್ತು ಸಂಘದ ಕಂತು ಕಟ್ಟಿ ಹೊಲಕ್ಕೆ ಹೋಗಿದ್ದೆ." ಸ್ತ್ರೀಶಕ್ತಿ ಸಂಘದ ಪಾಸ್ ಬುಕ್ಕು ಚೀಲದಲ್ಲೇ ಇತ್ತು, ತೆಗೆದು ತಾರೀಖು ತೋರಿಸಿದಳು. ಹೊತ್ತು? "ಏಳು ಗಂಟೆ ಬಸ್ಸು ಆಗತಾನೆ ಕ್ರಾಸಲ್ಲಿ ಹಾರ್ನ್ ಹೊಡ್ದಿತ್ತು." ಎಲ್ಲಿಂದ ಎಲ್ಲಿಗೆ? "ನೈಋತ್ಯದಿಂದ ಬಂದು ಈಶಾನ್ಯಕ್ಕೆ ಹೋಯ್ತು." ಎಷ್ಟು ದೀಪ? "ನಲವತ್ತರ ತನಕ ಎಣಿಸ್ದೆ, ಆಮೇಲೆ ಲೆಕ್ಕ ತಪ್ತು." ಗುಡ್ಡದ ಹಿಂದೆ ಇಳಿಯಿತೇ? ಈ ಪ್ರಶ್ನೆಗೆ ಅವಳು ತಲೆ ಅಡ್ಡಡ್ಡ ಆಡಿಸಿದಳು. "ಇಲ್ಲ ಮಿಸ್. ಗುಡ್ಡದ ತನಕ ಹೋಗ್ಲೇ ಇಲ್ಲ. ಗುಡ್ಡದಿಂದ ಇಷ್ಟು ಮೇಲೇನೆ ಆರಿಹೋಯ್ತು. ಮುಂದಿನ ದೀಪ ಆರಿದ ಜಾಗಕ್ಕೇ ಹಿಂದಿನದೂ ಬಂದು ಆರ್ತಿತ್ತು, ಒಂದೊಂದಾಗಿ ಸ್ವಿಚ್ ಒತ್ತಿದಂಗೆ." ಹೀಗೆ ಹೇಳಿ, ಕೈ ನೀಟಿ, ಎರಡು ಮುಷ್ಟಿ ಒಂದರ ಮೇಲೊಂದು ಇಟ್ಟು ತೋರಿಸಿದಳು. ದಿಕ್ಕು ಗುರುತಿಸುವುದನ್ನು ಎಂಟನೆಯ ತರಗತಿಯಲ್ಲಿ ಅವಳಿಗೆ ಕಲಿಸಿದ್ದು ನಾನೇ. ಅವಳು ಮರೆತಿರಲಿಲ್ಲ. ನಾನು ಮರೆತಿದ್ದೆ.

"ಇದನ್ನೆಲ್ಲ ಯಾರಿಗೂ ಹೇಳಲಿಲ್ಲವೇ?" ಎಂದೆ. "ಯಾರು ಕೇಳಿದ್ರು ಮಿಸ್? ಇಳೀಲಿಲ್ಲ ಅಂತ ಒಂದ್ ಸಲ ಅಂದೆ. ಗಂಡಸರ ಮಾತಿಗೆ ಎದುರಾಡ್ತೀಯಾ ಅಂದ್ರು ಅತ್ತೇರು."

ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನನ್ನ ಅಕ್ಕನ ಮಗನಿಗೆ ಫೋನ್ ಮಾಡಿ ಇದನ್ನೆಲ್ಲ ಓದಿ ಹೇಳಿದೆ. ಅವನು ಪೂರ್ತಿ ಕೇಳುವ ಮೊದಲೇ "ದೊಡ್ಡಮ್ಮ ಅಲ್ಲ, ಚಿಕ್ಕಮ್ಮ, ಆ ಆರಿಹೋದ ಮಾತು ಇನ್ನೊಂದ್ಸಲ ಹೇಳಿ" ಎಂದ. ಗಡಿಬಿಡಿಯಲ್ಲಿ ನನ್ನನ್ನು ದೊಡ್ಡಮ್ಮನನ್ನಾಗಿ ಮಾಡಿಬಿಟ್ಟಿದ್ದ! ಆಮೇಲೆ ಆ ತಾರೀಖು, ಆ ಹೊತ್ತು ಹಾಕಿ ಕಂಪ್ಯೂಟರಿನಲ್ಲಿ ನೋಡಿದ. ಉತ್ತರ ಸಿಕ್ಕಿತು. ಅವು ಉಪಗ್ರಹಗಳು.

ಅಮೆರಿಕದ ಸ್ಪೇಸ್‌ಎಕ್ಸ್ ಎಂಬ ಕಂಪನಿ ಇಂಟರ್‌ನೆಟ್ ಒದಗಿಸಲು ಸ್ಟಾರ್‌ಲಿಂಕ್ ಎಂಬ ಸಣ್ಣ ಉಪಗ್ರಹಗಳನ್ನು ಹಾರಿಸುತ್ತದೆ. 2019ರ ಮೇ ತಿಂಗಳಲ್ಲಿ ಮೊದಲ ಕಂತಿನಲ್ಲಿ ಒಂದೇ ರಾಕೆಟ್ಟಿನಲ್ಲಿ 60 ಹೋದವು. ಆಮೇಲೆ ಸಾವಿರಾರು ಹೋಗಿವೆ. ರಾಕೆಟ್ಟು ಬಿಟ್ಟ ಮೊದಲ ಕೆಲವು ದಿನ ಅವು ಗುಂಪಾಗಿ, ಶಾಲೆ ಬಿಟ್ಟ ಮಕ್ಕಳ ಹಾಗೆ ಸಾಲಾಗಿ ಹೋಗುತ್ತವೆ. ಬರಬರುತ್ತಾ ಸುಮಾರು 550 ಕಿಲೋಮೀಟರ್ ಎತ್ತರಕ್ಕೆ ಏರಿ ದೂರ ದೂರವಾಗುತ್ತವೆ. ಅವುಗಳಲ್ಲಿ ನಮಗೆ ಕಾಣುವ ದೀಪವೇನೂ ಇಲ್ಲ. ನಮಗೆ ಕಾಣುವುದು ಅವುಗಳ ಮೇಲೆ ಬಿದ್ದ ಬಿಸಿಲು.

ಕತ್ತಲಾದ ಮೇಲೆ ಬಿಸಿಲೆಲ್ಲಿಂದ ಬಂತು ಅನ್ನುತ್ತೀರಾ? ಮಧುಗಿರಿಯವರು ಈ ಪ್ರಶ್ನೆ ಕೇಳಬಾರದು. ನಮ್ಮ ಏಕಶಿಲಾ ಬೆಟ್ಟವನ್ನು ಸಂಜೆ ನೋಡಿಲ್ಲವೇ? ಕೆಳಗೆ ಪೇಟೆಯಲ್ಲಿ ಮಬ್ಬು ಕವಿದು ಅಂಗಡಿಗೆ ದೀಪ ಹಚ್ಚಿದರೂ ಮೇಲೆ ಕೋಟೆಯ ತುದಿಯಲ್ಲಿ ಇನ್ನೂ ಹೊಂಬಿಸಿಲು ಇರುತ್ತದೆ. ಎತ್ತರದಲ್ಲಿರುವವರಿಗೆ ಸೂರ್ಯ ತಡವಾಗಿ ಮುಳುಗುತ್ತಾನೆ. ನೂರಾರು ಕಿಲೋಮೀಟರ್ ಎತ್ತರದಲ್ಲಿರುವುದಕ್ಕೆ ಇನ್ನೂ ತಡ. ಅದು ಓಡುತ್ತಾ ಓಡುತ್ತಾ ಪೂರ್ವದ ಕಡೆ ಬಂದಾಗ ಭೂಮಿಯ ನೆರಳಿನೊಳಕ್ಕೆ ಹೊಕ್ಕುತ್ತದೆ. ಬಿಸಿಲು ತಪ್ಪಿತು, ದೀಪ ಆರಿತು. ಹಿಂದಿನದೂ ಅದೇ ಜಾಗಕ್ಕೆ ಬಂದು ಆರುತ್ತದೆ. "ಒಂದೊಂದಾಗಿ ಸ್ವಿಚ್ ಒತ್ತಿದಂಗೆ."

ಈಗ ಯೋಚಿಸಿ. ಗಂಡ ಹೇಳಿದ ಹಾಗೆ ಗುಡ್ಡದ ಹಿಂದೆ ಇಳಿದಿದ್ದರೆ ಅದು ಉಪಗ್ರಹವಾಗುತ್ತಿರಲಿಲ್ಲ, ಒಗಟು ಒಗಟಾಗಿಯೇ ಉಳಿಯುತ್ತಿತ್ತು. ಒಗಟು ಬಿಡಿಸುವ ಬೀಗದ ಕೈ ಇದ್ದದ್ದು ಹೆಂಡತಿಯ ಮಾತಿನಲ್ಲಿ. ಆ ಮಾತನ್ನು ಆಡಿದ್ದಕ್ಕೆ ಅವಳ ಬಾಯಿ ಮುಚ್ಚಿಸಿದರು. "ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ" ಎಂದು ಗಾದೆ ಕಟ್ಟಿದ ಮಹಾನುಭಾವರು ಯಾರೋ ನನಗೆ ಗೊತ್ತಿಲ್ಲ. ಸಂಘದ ಪಾಸ್ ಬುಕ್ಕು, ಬಸ್ಸಿನ ಹಾರ್ನು, ಎರಡು ಮುಷ್ಟಿ, ಇಷ್ಟರಲ್ಲಿ ಆಕಾಶವನ್ನು ಅಳೆದವಳ ಬುದ್ಧಿ ಎಲ್ಲಿದೆ ಎಂದು ಅವರನ್ನು ಕೇಳಬೇಕೆನಿಸುತ್ತದೆ.

ಒಂದು ಮಾತನ್ನು ಇಲ್ಲಿ ಒಪ್ಪಲೇಬೇಕು. ಹೆಂಗಸು ಹೇಳಿದ್ದೆಲ್ಲ ನಿಜ ಎಂದು ನಾನು ವಾದಿಸುತ್ತಿಲ್ಲ. ಹೀಗೆ ಆಕಾಶದಲ್ಲಿ ಏನನ್ನೋ ಕಂಡ ದಂಪತಿಗಳಲ್ಲಿ ಜಗತ್ತಿಗೆಲ್ಲ ಹೆಸರಾದವರು ಅಮೆರಿಕದ ಬೆಟ್ಟಿ ಮತ್ತು ಬಾರ್ನಿ ಹಿಲ್. 1961ರ ಸೆಪ್ಟೆಂಬರ್ 19ರ ರಾತ್ರಿ ಕಾರಿನಲ್ಲಿ ಊರಿಗೆ ಮರಳುವಾಗ ಬೆಟ್ಟಿಗೆ ಚಂದ್ರನ ಹತ್ತಿರ ಒಂದು ಬೆಳಕು ಕಾಣಿಸಿತು. ಅವತ್ತು ಚಂದ್ರನ ಹತ್ತಿರ ಗುರು, ಶನಿ ಗ್ರಹಗಳೂ ಇದ್ದವು. ಕೆಲವು ದಿನಗಳ ಮೇಲೆ ಅವಳಿಗೆ ಕನಸುಗಳು ಬಿದ್ದವು. ಯಾರೋ ತಮ್ಮನ್ನು ಹಿಡಿದು ಯಂತ್ರದೊಳಕ್ಕೆ ಒಯ್ದ ಹಾಗೆ. ಅವುಗಳನ್ನು ಬರೆದಿಟ್ಟಳು, ಹೇಳಿದಳು. 1964ರಲ್ಲಿ ಬೆಂಜಮಿನ್ ಸೈಮನ್ ಎಂಬ ಮನೋವೈದ್ಯರು ಇಬ್ಬರನ್ನೂ ಬೇರೆ ಬೇರೆಯಾಗಿ ಸಂಮೋಹನಕ್ಕೆ ಒಳಪಡಿಸಿದಾಗ ಇಬ್ಬರೂ ಆ ಕಥೆಯನ್ನೇ ಹೇಳಿದರು. ಜನ ಅದನ್ನು ಸಾಕ್ಷಿ ಎಂದರು. ಆದರೆ ಆ ವೈದ್ಯರೇ ನಂಬಲಿಲ್ಲ. ಹೆಂಡತಿಯ ಕನಸೇ ಗಂಡನ ನೆನಪಾಗಿದೆ ಎಂದು ಅವರ ಅಭಿಪ್ರಾಯ. ಅಲ್ಲಿ ಬೆಳೆದದ್ದು ಹೆಂಡತಿಯ ಮಾತು, ಇಲ್ಲಿ ಬೆಳೆದದ್ದು ಗಂಡನ ಮಾತು. ಮಾತು ಬೆಳೆಯುವುದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಕಂಡ ದಿನದ ಮಾತು ಬೇರೆ, ಆಮೇಲಿನ ಮಾತು ಬೇರೆ, ಎರಡನ್ನೂ ಬೆರೆಸಬಾರದು. ಇಬ್ಬರು ಕಂಡಿದ್ದರೆ ಇಬ್ಬರನ್ನೂ, ಬೇರೆ ಬೇರೆ ಕೂರಿಸಿ, ಅಂದೇ ಕೇಳಬೇಕು. ನಾನು ಕೇಳುತ್ತಿರುವ ನ್ಯಾಯ ಇಷ್ಟೇ.

"ಹಾರುವ ತಟ್ಟೆ" ಎಂಬ ಹೆಸರು ಬಂದದ್ದೂ ಹೀಗೆಯೇ. 1947ರ ಜೂನ್ 24ರಂದು ಕೆನೆತ್ ಆರ್ನಾಲ್ಡ್ ಎಂಬ ಅಮೆರಿಕದ ವಿಮಾನ ಚಾಲಕ ಆಕಾಶದಲ್ಲಿ ಒಂಬತ್ತು ವಸ್ತುಗಳನ್ನು ಕಂಡ. ನೀರಿನ ಮೇಲೆ ತಟ್ಟೆ ಎಸೆದರೆ ಅದು ನೆಗೆನೆಗೆದು ಹೋಗುವ ಹಾಗೆ ಹೋದವು ಎಂದ. ಅವನು ಹೇಳಿದ್ದು ನಡೆ. ಪತ್ರಿಕೆಗಳು ಬರೆದದ್ದು ಆಕಾರ. ಅಂದಿನಿಂದ ಲೋಕದ ತುಂಬ ತಟ್ಟೆಗಳೇ ಕಾಣಿಸತೊಡಗಿದವು!

ಹಾಗಾದರೆ ತಪ್ಪಾಗಿ ಕಾಣುವುದು ಹಳ್ಳಿಯವರ ದಡ್ಡತನವೇ? ಖಂಡಿತ ಅಲ್ಲ. ಲಡಾಖಿನ ಗಡಿಯಲ್ಲಿ ನಮ್ಮ ಸೈನಿಕರು 2012-13ರಲ್ಲಿ ತಿಂಗಳುಗಟ್ಟಲೆ ಆಕಾಶದಲ್ಲಿ ಬೆಳಕು ಕಂಡು, ಚೀನಾದ ಬೇಹುಗಾರ ವಿಮಾನಗಳಿರಬಹುದೆಂದು ವರದಿ ಮಾಡಿದರು. ಕೊನೆಗೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ನೋಡಿ, ಅವು ಶುಕ್ರ ಮತ್ತು ಗುರು ಗ್ರಹಗಳು ಎಂದು ತಿಳಿಸಿದರು. ಸೈನಿಕರ ಕಣ್ಣಿಗೆ ಯಾರಾದರೂ ನಿಂಬೆ ರಸ ಹಿಂಡಿದರೇ? ಇಲ್ಲ. ಅವರು ಕಂಡದ್ದನ್ನು ಬರೆದಿಟ್ಟಿದ್ದರು, ತಿಳಿದವರನ್ನು ಕೇಳಿದರು, ಉತ್ತರ ಸಿಕ್ಕಿತು. ಅದು ಮರ್ಯಾದಸ್ಥರು ಮಾಡುವ ಕೆಲಸ.

ನಮ್ಮ ಸುತ್ತಮುತ್ತ ಆಕಾಶವೂ ಈಗ ಮೊದಲಿನಂತಿಲ್ಲ. ಪಾವಗಡ, ಶಿರಾಗಳ ಆಚೆ ಚಳ್ಳಕೆರೆಯಲ್ಲಿ 2017ರಿಂದ ರಕ್ಷಣಾ ಸಂಶೋಧನೆಯವರ ವಿಮಾನ ಪರೀಕ್ಷಾ ಕೇಂದ್ರವಿದೆ. ಚಾಲಕನಿಲ್ಲದ ವಿಮಾನಗಳನ್ನು ಅಲ್ಲಿಂದ ಹಾರಿಸಿ ನೋಡುತ್ತಾರೆ. ಅಂಥದ್ದೊಂದು 2019ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗದ ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ಬಿತ್ತು. ಇನ್ನೊಂದು 2023ರ ಆಗಸ್ಟಿನಲ್ಲಿ ಹಿರಿಯೂರು ತಾಲ್ಲೂಕಿನ ವದ್ದೀಕೆರೆ ಹತ್ತಿರ. ಇಸ್ರೋದವರು ಮತ್ತೆ ಮತ್ತೆ ಬಳಸಬಹುದಾದ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರಿನಿಂದ ಬಿಟ್ಟು ಇಳಿಸಿ ನೋಡಿದ್ದೂ ಅಲ್ಲೇ, 2023ರ ಏಪ್ರಿಲ್ 2ರಂದು. 2025ರ ಜನವರಿಯಲ್ಲಿ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಮನೆಯ ಮೇಲೆ ದೊಡ್ಡ ಬಲೂನೊಂದು ಯಂತ್ರದ ಸಮೇತ ಬಿದ್ದು ಊರವರು ಬೆದರಿದರು. ಅದು ಹೈದರಾಬಾದಿನಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಹಾರಿಬಿಟ್ಟ ಬಲೂನು. ಹೀಗೆ ಮೇಲೆ ಏನೇನೋ ಓಡಾಡುತ್ತಿರುವಾಗ ಕೆಳಗಿನವರಿಗೆ ಕಾಣಿಸುವುದು ಸಹಜ. ಕಂಡವರಿಗೆ ಹೇಳಿಕೊಡುವವರು ಮಾತ್ರ ಯಾರೂ ಇಲ್ಲ.

ಇಲ್ಲದ್ದಕ್ಕೆ ಯಾರು ಹೊಣೆ? ಟಿ.ವಿ.ಯವರೇ, ಅವತ್ತು ಅರ್ಧ ಗಂಟೆ ಕಾರ್ಯಕ್ರಮ ಮಾಡಿದಿರಿ. ಹೊಲಕ್ಕೆ ಬಂದವರು ಅಡುಗೆ ಮನೆಗೆ ನಾಲ್ಕು ಹೆಜ್ಜೆ ಹೋಗಿ ಒಂದು ಪ್ರಶ್ನೆ ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಒಗಟು ಬಿಡಿಸಿದರೆ ನಾಳೆಗೆ ಕಾರ್ಯಕ್ರಮವಿಲ್ಲ, ಅಷ್ಟೇ ತಾನೇ? ಗಾಳಿ ಬಿಡಿಸುವ ಸ್ವಾಮಿಗಳೇ, ಹೊಡೆದು ಬಡಿದು ದೆವ್ವ ಬಿಡಿಸುವುದು ನಮ್ಮ ರಾಜ್ಯದಲ್ಲಿ ಅಪರಾಧ. ಅಮಾನವೀಯ ಪದ್ಧತಿ ಮತ್ತು ವಾಮಾಚಾರಗಳನ್ನು ತಡೆಯುವ 2017ರ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಇದು ಓದುಗ ಹೆಣ್ಣುಮಕ್ಕಳಿಗೂ ನೆನಪಿರಲಿ.

ಆದರೆ ನನ್ನ ಹೆಚ್ಚಿನ ಸಿಟ್ಟು ನಮ್ಮ ಮೇಲೆ, ಓದಿದವರ ಮೇಲೆ. ಪೂಜಾರಿ ಅವಳನ್ನು ಹೊಡೆದ, ನಾವು ನಕ್ಕೆವು. ಎರಡರ ಅರ್ಥವೂ ಒಂದೇ: ನಿನ್ನ ಕಣ್ಣನ್ನು ನಂಬಬೇಡ. "ಮೂಢನಂಬಿಕೆ" ಎಂಬ ಒಂದು ಶಬ್ದ ನಮ್ಮ ಬಾಯಲ್ಲಿ ಸದಾ ಸಿದ್ಧವಾಗಿರುತ್ತದೆ. ಅವಳು ಕಂಡದ್ದರಲ್ಲಿ ಮೂಢನಂಬಿಕೆ ಎಲ್ಲಿತ್ತು? ಪರೀಕ್ಷಿಸದೆ ರಥ ಎಂದವರಿಗೂ, ಪರೀಕ್ಷಿಸದೆ ಭ್ರಮೆ ಎಂದು ನಕ್ಕ ನನಗೂ ಏನು ವ್ಯತ್ಯಾಸ? ನಮ್ಮ ಪಕ್ಕದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು ಡಾ. ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿ ರಚಿಸಿದರು. ಅಪಹಾಸ್ಯ ಮಾಡಲು ಸಮಿತಿ ಬೇಕಿಲ್ಲ, ಪರಿಶೀಲಿಸಲು ಬೇಕು. ಅಷ್ಟು ದೊಡ್ಡವರ ನೆರೆಯವರಾಗಿ ಹುಟ್ಟಿ ನಾವು ಕಲಿತದ್ದು ನಗುವುದನ್ನು ಮಾತ್ರವೇ?

"ಬಿಡಿ ಮೇಡಂ, ಉಪಗ್ರಹವೋ ರಥವೋ, ಹೆಂಗಸರಿಗೆ ಅದರಿಂದ ಏನಾಗಬೇಕು? ಒಲೆ ಮೇಲಿನ ಸಾರು ನೋಡಿಕೊಂಡರೆ ಸಾಕು" ಎನ್ನುವವರು ನಿಮ್ಮ ಮನೆಯಲ್ಲೂ ಇರಬಹುದು. ಅವರಿಗೆ ನನ್ನ ಉತ್ತರ ಆ ಓಲೆ. ಏನೆಂದು ತಿಳಿಯದೆ ಇದ್ದದ್ದಕ್ಕೆ ದಂಡ ತೆತ್ತದ್ದು ಅವಳ ಕಿವಿ, ಅವಳ ಕಣ್ಣು. ಗ್ರಹಣ ಬಂದರೆ ಬಸುರಿಯನ್ನು ಕೋಣೆಯಲ್ಲಿ ಕೂಡಿ ಹಾಕುವುದೂ ಇದೇ ಲೆಕ್ಕದಲ್ಲಿ. ಮೇಲೆ ಏನೇ ನಡೆದರೂ ಕೆಳಗೆ ಶಿಕ್ಷೆ ಹೆಣ್ಣಿಗೆ. ಆದ್ದರಿಂದ ಆಕಾಶ ನಮಗೆ ಸಂಬಂಧವಿಲ್ಲದ ವಿಷಯವಲ್ಲ.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮ ಹಿರಿಯರೇ ಹೇಳಿದ್ದಾರೆ. ಪ್ರಮಾಣಿಸಲು ದುರ್ಬೀನು ಬೇಕಿಲ್ಲ. ನಾಳೆ ಮಾಳಿಗೆ ಮೇಲೆ ಹಪ್ಪಳ ಎತ್ತಿಡುವಾಗ ನಿಮಗೇ ಏನಾದರೂ ಕಂಡರೆ ಇಷ್ಟು ಮಾಡಿ. ಮೊದಲು ಗಡಿಯಾರ ನೋಡಿ. ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ, ನೋಡಿ. ಕೈ ನೀಟಿ ಮುಷ್ಟಿ ಹಿಡಿಯಿರಿ; ಒಂದು ಮುಷ್ಟಿ ಅಂದರೆ ಹೆಚ್ಚುಕಡಿಮೆ ಹತ್ತು ಡಿಗ್ರಿ. ಸದ್ದಿತ್ತೇ, ಮಿನುಗಿತೇ, ಎಲ್ಲಿ ಮಾಯವಾಯಿತು, ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದಿಡಿ. ಆಮೇಲೆ ಬೇಕಾದರೆ ಹೆದರಿ! ಜೊತೆಯಲ್ಲಿ ಯಾರಾದರೂ ಇದ್ದರೆ ಅವರ ಬಾಯಿಂದ ಕೇಳುವ ಮೊದಲು ನಿಮ್ಮದನ್ನು ಬರೆದು ಮುಗಿಸಿ. ಉತ್ತರ ಸಿಗದಿದ್ದರೆ "ಗೊತ್ತಿಲ್ಲ" ಎಂದು ಬರೆಯಿರಿ. ಗೊತ್ತಿಲ್ಲ ಎನ್ನುವುದು ಅವಮಾನವಲ್ಲ. ಮೂವತ್ತು ವರ್ಷ ಪಾಠ ಮಾಡಿದ ನನಗೆ ಅದನ್ನು ಹೇಳಲು ಕಲಿಸಿದ್ದು ಒಬ್ಬ ಹಳೆಯ ವಿದ್ಯಾರ್ಥಿನಿ.

ಉತ್ತರ ಸಿಕ್ಕಿದ ಭಾನುವಾರ ನಾನೇ ಅವರ ಮನೆಗೆ ಹೋಗಿದ್ದೆ. ಗಂಡನನ್ನೂ ಅತ್ತೆಯನ್ನೂ ಕೂರಿಸಿ ಎಲ್ಲ ಹೇಳಿದೆ. ಗಂಡ ತಲೆ ತಗ್ಗಿಸಿ ಕೇಳಿ, "ಇಳಿದಿದ್ದು ನಾನೂ ನೋಡ್ಲಿಲ್ಲ ಮೇಡಂ. ಎಲ್ರೂ ಎಲ್ಲಿ ಇಳೀತು ಎಲ್ಲಿ ಇಳೀತು ಅಂದ್ರು, ಗುಡ್ಡದಿಂದೆ ಅಂದ್ಬಿಟ್ಟೆ" ಎಂದ. ಅತ್ತೆ ನನ್ನ ಮಾತನ್ನು ಪೂರ್ತಿ ನಂಬಿದರೆಂದು ಹೇಳಲಾರೆ. ಆದರೆ ನಾಲ್ಕನೆಯ ಅಮಾವಾಸ್ಯೆಗೆ ಅವಳನ್ನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಓಲೆ ಇನ್ನೂ ಗಿರವಿ ಅಂಗಡಿಯಲ್ಲೇ ಇದೆ, ಬಡ್ಡಿ ಕಟ್ಟುತ್ತಿದ್ದಾಳೆ.

ನಾಳೆ ಸ್ಟಾಫ್ ರೂಮಿಗೆ ಈ ನೋಟ್ ಬುಕ್ಕನ್ನು ತೆಗೆದುಕೊಂಡು ಹೋಗುತ್ತೇನೆ. ನಗುವವರು ಓದಿದ ಮೇಲೆ ನಗಲಿ.